ತಪ್ಪದ ಚೀಟಿ

ನಮ್ಮ ಊರಿನಲ್ಲಿ ಗ್ಯಾಸ್ ಏಜೆನ್ಸಿ ನಡೆಸುವ ಕಷ್ಟ, ರಾತ್ರಿ ಮಲಗಿದ ಬೀದಿಯಲ್ಲೇ ಬೆಳಿಗ್ಗೆ ಏಳುವ ಜನಕ್ಕೆ ಅರ್ಥವಾಗುವಂಥದ್ದಲ್ಲ. ಅಂಗಡಿ, ಆಫೀಸು, ಹಿಟ್ಟಿನ ಗಿರಣಿ, ಕೆರೆ ಇವೆಲ್ಲ ನಮ್ಮಲ್ಲೂ ಇದ್ದಲ್ಲೇ ಇರುತ್ತವೆ. ಮನೆಗಳು ಮಾತ್ರ ಇರುವುದಿಲ್ಲ. ನಿನ್ನೆ ಗಿರಣಿಯ ಪಕ್ಕದಲ್ಲಿದ್ದ ಮನೆ ಇವತ್ತು ಕೆರೆಯ ಏರಿಯ ಮೇಲೆ, ನಾಡಿದ್ದು ಇನ್ನೆಲ್ಲೋ. ಸದ್ದಿಲ್ಲ, ಗದ್ದಲವಿಲ್ಲ, ಹೆಪ್ಪು ಹಾಕಿಟ್ಟ ಮೊಸರು ಕೂಡ ಕದಡುವುದಿಲ್ಲ. ಬಾಗಿಲು ತೆಗೆದಾಗ ಎದುರಿಗೆ ನಿನ್ನೆಯ ಬೇವಿನ ಮರದ ಬದಲು ನೀರು ಕಂಡರೆ, ಹೆಂಗಸರು ಒಂದು ಗಳಿಗೆ ನೀರನ್ನು ನೋಡಿ, ಸೆರಗು ಸಿಕ್ಕಿಸಿಕೊಂಡು ಅಂಗಳ ಗುಡಿಸುತ್ತಾರೆ. ಅವರವರ ಮನೆಗೆ ಅವರವರ ಕಾಲು ತಾನಾಗಿ ಹೋಗುತ್ತದೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಏನಿದ್ದರೂ ಇನ್ನೊಬ್ಬರ ಮನೆ ಹುಡುಕುವವರಿಗೆ.

ಹಾಗೆಂದು ಯಾರನ್ನಾದರೂ ನಿಲ್ಲಿಸಿ ‘ನಿಮ್ಮ ಮನೆ ಎಲ್ಲಿ?’ ಎಂದು ಕೇಳುವಂತಿಲ್ಲ. ನಮ್ಮಲ್ಲಿ ಅದಕ್ಕಿಂತ ಒರಟು ಮಾತು ಇನ್ನೊಂದಿಲ್ಲ. ನೆಂಟರು ಬುತ್ತಿ ಕಟ್ಟಿಕೊಂಡು ಹೊರಟು, ಸಿಕ್ಕಾಗ ಸಿಕ್ಕಲಿ ಎಂದು ಬೀದಿ ಬೀದಿ ತಿರುಗುತ್ತಾರೆ. ಅಂಚೆಯವರು ಕಾಗದಗಳನ್ನೆಲ್ಲ ಕಚೇರಿಯ ಕಿಟಕಿಯಲ್ಲಿ ಹರಡಿಟ್ಟುಬಿಡುತ್ತಾರೆ, ಬೇಕಾದವರು ಬಂದು ಒಯ್ಯುತ್ತಾರೆ. ಸಿಲಿಂಡರುಗಳನ್ನು ಹಾಗೆ ಕಿಟಕಿಯಲ್ಲಿ ಹರಡಿಡಲಾಗುವುದಿಲ್ಲವಲ್ಲ. ನಾನು ಏಕಾಂತಯ್ಯ, ಊರಿಗೆ ಇರುವ ಒಂದೇ ಏಜೆನ್ಸಿಯ ಮಾಲೀಕ. ಶುರು ಮಾಡಿದ ವರ್ಷ ನಮ್ಮ ಟೆಂಪೋ ಓಡಿಸುವ ಬುಡೇನ್ ಸಾಬರು ಬೆಳಿಗ್ಗೆ ತುಂಬಿಕೊಂಡು ಹೋದ ಸಿಲಿಂಡರುಗಳಲ್ಲಿ ಅರ್ಧವನ್ನು ಸಾಯಂಕಾಲ ಹಾಗೇ ವಾಪಸು ತರುತ್ತಿದ್ದರು. ಏಜೆನ್ಸಿ ಮುಚ್ಚುವುದೆಂದು ನಾನು ತೀರ್ಮಾನಿಸಿದ್ದೆ. ಆದರೆ ಮುಚ್ಚುವುದನ್ನು ಮುಂದಿನ ತಿಂಗಳು ನೋಡೋಣ ಎಂದುಕೊಂಡಿದ್ದೆ. ಹಲ್ಲು ನೋವು ಬಂದರೆ ಅದು ತಾನಾಗಿ ಬೀಳಲಿ ಎಂದು ಕಾಯುವ ಪೈಕಿ ನಾನು.

ಆಗ ಬಂದವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಲಕ್ಕಣ್ಣ ಮೇಷ್ಟ್ರು. ಯಾವ ಮನೆ ಯಾವತ್ತು ಎಲ್ಲಿತ್ತು ಎಂದು ಅವರು ಏಳು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮನೆಗಳು ಸುಮ್ಮಸುಮ್ಮನೆ ಅಲೆಯುವುದಿಲ್ಲ, ಅವಕ್ಕೂ ಕಾರಣಗಳಿವೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸದಾಗಿ ಮದುವೆಯಾದವರ ಮನೆ ಕೆರೆಯ ಕಡೆಗೆ ಜಾರುತ್ತದೆ. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳು ಊರಿನ ಎರಡು ತುದಿಗೆ ಹೋಗಿ ನಿಲ್ಲುತ್ತವೆ. ಕಾಗದ ಕಾಯುವವರ ಮನೆ ಅಂಚೆ ಕಚೇರಿಯಿಂದ ನೂರು ಮಾರು ದಾಟುವುದಿಲ್ಲ. ಬೆಕ್ಕು ಸಾಕಿದವರ ಮನೆ ಎಳೆಬಿಸಿಲು ಬೀಳುವ ಜಾಗ ನೋಡಿಕೊಳ್ಳುತ್ತದೆ. ಇಂಥ ಮುನ್ನೂರು ಕಾರಣಗಳನ್ನು ಮೇಷ್ಟ್ರು ಒಂದು ಕಂಪ್ಯೂಟರಿಗೆ ತುಂಬಿದರು. ಕಪ್ಪು ಪರದೆ, ಹಸಿರು ಅಕ್ಷರ. ಅವತ್ತು ಸಿಲಿಂಡರ್ ಬೇಕಾದವರ ಹೆಸರು ಕೊಟ್ಟರೆ, ಅವರ ಮನೆ ಆ ಹೊತ್ತಿಗೆ ಎಲ್ಲಿದೆ ಎಂದು ಅದು ಲೆಕ್ಕ ಹಾಕಿ ಚೀಟಿ ಪ್ರಿಂಟ್ ಮಾಡುತ್ತಿತ್ತು. ಮೊದಲ ದಿನ ಬುಡೇನ್ ಸಾಬರು ಮಧ್ಯಾಹ್ನಕ್ಕೆ ಮೊದಲೇ ಖಾಲಿ ಟೆಂಪೋ ತಂದು ನಿಲ್ಲಿಸಿ, ಏನೋ ಮರೆತು ಬಂದಿದ್ದೇನೆ ಎಂದು ಸಾಯಂಕಾಲದವರೆಗೂ ಚಡಪಡಿಸಿದರು.

ಇಪ್ಪತ್ತೆರಡು ವರ್ಷ ಆ ಚೀಟಿ ತಪ್ಪಲಿಲ್ಲ. ನಾನು ಆಯುಧಪೂಜೆಯಲ್ಲಿ ಟೆಂಪೋಗಿಂತ ಮೊದಲು ಮೆಷಿನ್ನಿಗೆ ಹೂವಿಡುತ್ತಿದ್ದೆ. ಆಫೀಸಿಗೆ ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದೆ. ‘ಈ ಊರಲ್ಲಿ ತಪ್ಪು ಮಾಡದೇ ಇರೋದು ಎರಡೇ. ಒಂದು ದೇವರು, ಇನ್ನೊಂದು ಇದು’ ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ಮೆಚ್ಚಿ ನಗುತ್ತಾರೆ ಎಂದುಕೊಂಡಿದ್ದೆ.

ಮೆಷಿನ್ನಿನ ಮುಂದೆ ಮೊದಲಿನಿಂದ ಕೂರುತ್ತಿದ್ದವರು ಪಂಕಜಾಕ್ಷಮ್ಮ. ಮೇಷ್ಟ್ರ ಹಳೆಯ ಶಿಷ್ಯೆ. ಗಂಡ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಮಂಜರಿಯನ್ನು ಒಬ್ಬರೇ ಬೆಳೆಸಿ ಮದುವೆ ಮಾಡಿದ್ದರು. ನಾನು ಎಂಟಕ್ಕೆ ಬರುವಷ್ಟರಲ್ಲಿ ಚೀಟಿಗಳೆಲ್ಲ ಪ್ರಿಂಟಾಗಿ, ಬೀದಿವಾರು ಜೋಡಿಸಿ, ಪಿನ್ನು ಚುಚ್ಚಿಕೊಂಡು ಬುಡೇನ್ ಸಾಬರಿಗಾಗಿ ಕಾಯುತ್ತಿದ್ದವು. ಎಷ್ಟೋ ದಿನ ಪಂಕಜಾಕ್ಷಮ್ಮನ ಸೀರೆಯ ಅಂಚು ಮೊಳದುದ್ದ ಒದ್ದೆಯಾಗಿರುತ್ತಿತ್ತು.

“ಏನ್ ಪಂಕಜಾಕ್ಷಮ್ಮ, ಕೆರೇಲಿ ಈಜ್ಕೊಂಡು ಬಂದ್ರಾ?” ಎಂದು ಛೇಡಿಸುತ್ತಿದ್ದೆ.

“ಮಂಜು ಜಾಸ್ತಿ ಯಜಮಾನ್ರೇ” ಎನ್ನುತ್ತಿದ್ದರು.

ಮೆಷಿನ್ನಿಗೆ ವಯಸ್ಸಾಯಿತು. ಒಳಗಿನ ಫ್ಯಾನು ಕೆಟ್ಟು, ಹೊರಗಿನಿಂದ ಟೇಬಲ್ ಫ್ಯಾನು ಇಟ್ಟೆವು. ಕೀಬೋರ್ಡಿನ ಅಕ್ಷರಗಳೆಲ್ಲ ಸವೆದು ನುಣ್ಣಗಾದವು. ಪ್ರಿಂಟರಿನ ರಿಬ್ಬನ್ ಎಲ್ಲೂ ಸಿಗದೆ, ಪಂಕಜಾಕ್ಷಮ್ಮ ದೀಪದ ಮಸಿಗೆ ಹರಳೆಣ್ಣೆ ಬೆರೆಸಿ ಹಳೆಯದಕ್ಕೇ ಹಚ್ಚತೊಡಗಿದರು. ಚೀಟಿಗಳಿಗೆ ಕಾಡಿಗೆ ಹಚ್ಚಿದ ಎಳೆಮಗುವಿನ ವಾಸನೆ ಬರುತ್ತಿತ್ತು. ರಿಪೇರಿಯವನು ಒಮ್ಮೆ ಬಂದು ಹಿಂಬದಿ ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ನನಗೆ ಕೈಮುಗಿದು ಹೋದವನು ಆಮೇಲೆ ಫೋನ್ ಎತ್ತಲಿಲ್ಲ.

ಹೊರಗಿನವರೆಲ್ಲ ಕ್ಲೌಡಿಗೆ ಹೋಗಿ ಎನ್ನುತ್ತಿದ್ದರು. ಅಂದರೆ ನಮ್ಮ ಮೂಲೆಯ ಮೆಷಿನ್ನಿನಲ್ಲಿರುವುದೆಲ್ಲ ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ಇರುತ್ತದೆ, ನಾವು ಇಲ್ಲಿಂದ ಫೋನಿನಲ್ಲೇ ನೋಡಬಹುದು, ನಮ್ಮ ಆಫೀಸಿಗೆ ಸಿಡಿಲು ಬಡಿದರೂ ಅದಕ್ಕೇನೂ ಆಗುವುದಿಲ್ಲ. ಹೋಗುವುದಕ್ಕೆ ನನ್ನ ಅಡ್ಡಿ ಏನೂ ಇರಲಿಲ್ಲ. ಯಾವಾಗ ಎಂಬುದೊಂದೇ ಪ್ರಶ್ನೆ. ದಸರಾ ಕಳೆಯಲಿ ಎಂದೆ, ಚಳಿ ಕಳೆಯಲಿ ಎಂದೆ. ಓಡುತ್ತಿರುವುದನ್ನು ಯಾಕೆ ನಿಲ್ಲಿಸಬೇಕು, ಅದಾಗಿ ನಿಂತ ದಿನ ನೋಡೋಣ ಎಂದೆ. ಹೀಗೆ ಆರು ವರ್ಷ ಕಳೆದೆ.

ಆ ಆರು ವರ್ಷದ ನಡುವೆ ಒಮ್ಮೆ ಮಂಜರಿಯ ಮೊದಲ ಹೆರಿಗೆ ಬಂತು. ಅವಳನ್ನು ಕೊಟ್ಟದ್ದು ಎರಡು ಬಸ್ಸು, ಒಂದು ರೈಲು ಹತ್ತಿ ಹೋಗುವ ಊರಿಗೆ. ಬಾಣಂತನಕ್ಕೆ ಹೋಗಬೇಕು, ರಜ ಕೊಡಿ ಎಂದು ಪಂಕಜಾಕ್ಷಮ್ಮ ಕೇಳಿದರು. ಮೆಷಿನ್ನಿನ ಮುಂದೆ ಯಾರು ಕೂರುತ್ತಾರೆ, ಬೇರೆ ಯಾರಿಗಾದರೂ ಕಲಿಸಿ ಹೋಗಿ ಎಂದೆ. “ಕಲ್ಸಕ್ಕಾಗಲ್ಲ ಯಜಮಾನ್ರೇ” ಎಂದರು. ಕುರ್ಚಿ ಬಿಟ್ಟುಕೊಡಲು ಮನಸ್ಸಿಲ್ಲ ಎಂದುಕೊಂಡು ನಾನೂ ಸುಮ್ಮನಾದೆ. ಅವರು ಹೋಗಲಿಲ್ಲ. ಬೀಗಿತ್ತಿಯೇ ಬಾಣಂತನ ಮಾಡಿದರು. ಆ ಮೊಮ್ಮಗನಿಗೆ ಈಗ ನಾಲ್ಕು ವರ್ಷ. ಅಜ್ಜಿಯನ್ನು ಅವನು ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ, ಕರೆಯುವುದೇ ‘ಫೋನಜ್ಜಿ’ ಎಂದು. ಅದನ್ನು ಅವರು ಆಫೀಸಿನಲ್ಲಿ ನಗುತ್ತಾ ಹೇಳಿದ್ದರು. ನಾನೂ ನಕ್ಕಿದ್ದೆ.

ಈ ವರ್ಷ ಮಂಜರಿ ಮತ್ತೆ ಬಸುರಿ. ಏಳು ತುಂಬಿದಾಗ ಪಂಕಜಾಕ್ಷಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಹದಿನೈದೇ ದಿನ ಸಾಕು ಯಜಮಾನ್ರೇ. ಮಗೂಗೆ ನಾಲ್ಕು ಸಲ ನೀರು ಹಾಕಿ ಬಂದ್ಬಿಡ್ತೀನಿ.”

ಬಾಣಂತನವೆಂದರೆ ಐದು ತಿಂಗಳು. ಅದನ್ನು ಹದಿನೈದು ದಿನಕ್ಕೆ ಇಳಿಸಿಕೊಂಡು ಬಂದ ಆ ಹೆಂಗಸನ್ನು ನೋಡಿ ನನಗೆ ಅಯ್ಯೋ ಎನ್ನಿಸಿತು. “ಹೊಸದು ಬರ್ಲಿ ಪಂಕಜಾಕ್ಷಮ್ಮ, ಐದು ತಿಂಗಳೇ ಹೋಗಿ ಬನ್ನಿ” ಎಂದುಬಿಟ್ಟೆ. ಅವತ್ತೇ ಕ್ಲೌಡಿನ ಕಂಪನಿಗೆ ಫೋನ್ ಮಾಡಿದೆ.

ಕಂಪನಿಯಿಂದ ಬಂದವಳು ಶರ್ವಾಣಿ. ಮೂವತ್ತರ ಆಸುಪಾಸು, ಮಾತು ಕಡಿಮೆ, ಕಣ್ಣು ಚುರುಕು. ಲಾಡ್ಜಿನಲ್ಲಿ ಉಳಿದುಕೊಂಡು ಎರಡು ಬೆಳಿಗ್ಗೆ ಕಿಟಕಿಯಿಂದ ಊರನ್ನು ನೋಡಿದಳು. ಮೊದಲ ದಿನ ಎದುರಿಗಿದ್ದ ಹಳದಿ ಮನೆ ಎರಡನೆಯ ದಿನ ಗಿರಣಿಯ ಆಚೆ ನಿಂತು ಹೊಗೆಯಾಡುತ್ತಿತ್ತು. ಅವಳು ನೇರವಾಗಿ ಬಂದು ನನಗೆ ಮೂರು ಪ್ರಶ್ನೆ ಹಾಕಿದಳು. ಈ ಮೆಷಿನ್ನು ನಾಳೆ ನಿಂತರೆ ಎಷ್ಟು ಮನೆಯ ಒಲೆ ಆರುತ್ತೆ? ಇದನ್ನು ಬಲ್ಲವರು ಎಷ್ಟು ಜನ ಇದ್ದಾರೆ? ಇದು ಚೆನ್ನಾಗಿದೆ ಅಂತ ಇಟ್ಟುಕೊಂಡಿದ್ದೀರೋ, ಮುಟ್ಟೋಕೆ ಹೆದರಿ ಇಟ್ಟುಕೊಂಡಿದ್ದೀರೋ? ಮೊದಲೆರಡಕ್ಕೆ ಉತ್ತರ ಹೇಳಿ, ಮೂರನೆಯದಕ್ಕೆ ಕಾಫಿ ತರಿಸಿದೆ.

ಅವಳು ಕೆಲಸ ಶುರು ಮಾಡುವಾಗ ಪಂಕಜಾಕ್ಷಮ್ಮ ಮೆಲ್ಲಗೆ ಹೇಳಿದರು, “ಆ ಹಳೇ ಲೆಕ್ಕಾನ ಹಾಗ್‌ಹಾಗೇ ತಗೊಂಡು ಹೋಗ್ಬೇಡ ಕಣಮ್ಮ. ಹಳೇದಾಗಿದೆ.”

ನಾನು ಅಡ್ಡ ಬಂದೆ. “ಏನು ಮಾತು ಅಂತ ಆಡ್ತೀರಿ? ಮೇಷ್ಟ್ರು ಬರೆದಿದ್ದು ಅದು. ಒಂದಕ್ಷರ ಆಚೆ ಈಚೆ ಆಗ್ದಂಗೆ ಇಳಿಸಮ್ಮ ನೀನು.”

ಇನ್ನು ದಿನ ಗೊತ್ತು ಮಾಡುವುದು. ಒಂದು ತಿಂಗಳು ಹಳೆಯದು ಹೊಸದು ಎರಡನ್ನೂ ಜೊತೆಯಲ್ಲಿ ನಡೆಸಿ ನೋಡೋಣ ಎಂದಳು ಶರ್ವಾಣಿ. ತಿಂಗಳೆಲ್ಲ ಯಾಕೆ, ಮೂರು ದಿನ ಸಾಕು ಎಂದೆ ನಾನು. ವರ್ಷಕ್ಕೊಮ್ಮೆ ನಮ್ಮ ಊರು ಮೂರು ದಿನ ಅಲ್ಲಾಡುವುದಿಲ್ಲ. ಆಗ ಎಲ್ಲರೂ ಗೋಡೆಗೆ ಸುಣ್ಣ ಬಳಿದುಕೊಳ್ಳುತ್ತಾರೆ, ಅಕ್ಕಪಕ್ಕದವರ ಜೊತೆ ಸಲಿಗೆ ಬೆಳೆಸುತ್ತಾರೆ, ಜಗಲಿಯಿಂದ ಜಗಲಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಇಡೀ ಊರು ಉಸಿರು ಹಿಡಿದು ನಿಂತ ಹಾಗಿರುತ್ತದೆ. ಗಡಿಬಿಡಿಯಿಲ್ಲದ ಹೊತ್ತಿನಲ್ಲಿ ಹೊಸ ಕೆಲಸ ಮಾಡಬೇಕೆಂದು ನನ್ನ ಜಾಣತನ. ಹೊರಗಿನವಳಾದ ಶರ್ವಾಣಿಗೆ ಆ ದಿನಗಳ ಮರ್ಮ ಗೊತ್ತಿರಲಿಲ್ಲ. ಮನೆಗಳು ನಿಂತಲ್ಲೇ ನಿಂತಿರುವಾಗ ಎಂಥ ದಡ್ಡನ ಚೀಟಿಯೂ ಸರಿಯೇ ಇರುತ್ತದೆ ಎಂಬುದು, ಗೊತ್ತಿರಬೇಕಾದ ನನಗೂ ಹೊಳೆಯಲಿಲ್ಲ. ಲೆಕ್ಕ ಶುರುವಾಗಲು ಮೊದಲನೆಯ ಬೆಳಿಗ್ಗೆ ಹಳೆಯ ಚೀಟಿಯಲ್ಲಿದ್ದ ಜಾಗಗಳನ್ನೇ ಹೊಸದಕ್ಕೆ ಕೊಟ್ಟೆವು, ಊರು ಅಲ್ಲಾಡದ್ದರಿಂದ ಅದು ಅವನ್ನೇ ತಿರುಗಿ ಹೇಳಿತು. ಮೂರು ದಿನವೂ ಎರಡು ಚೀಟಿಗಳು ಅಚ್ಚು ಹೊಡೆದ ಹಾಗೆ ಒಂದೇ ಬಂದವು. ನಾನು ಬಾದೂಷಾ ಹಂಚಿದೆ. ಪಂಕಜಾಕ್ಷಮ್ಮ ತಮ್ಮ ಪಾಲಿನದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದರು.

“ಇನ್ನೊಂದು ವಾರ ನೋಡಿ ಯಜಮಾನ್ರೇ.”

“ನೋಡೋದೇನು? ನೀವು ಹೋಗಿ ಪೆಟ್ಟಿಗೆ ಕಟ್ಟಿ” ಎಂದೆ. ಮುಂದೂಡುವ ನಾನು ಅವಸರ ಮಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ, ಅದೂ ತಪ್ಪಾದ ಜಾಗದಲ್ಲಿ.

ನಾಲ್ಕನೆಯ ಬೆಳಿಗ್ಗೆ ಮನೆಗಳು ಹೊರಟವು. ಮೂರು ದಿನ ತಡೆದಿದ್ದಕ್ಕೋ ಏನೋ, ಆ ಸಲ ಎಲ್ಲವೂ ದೂರ ದೂರ ಹೋಗಿದ್ದವು. ಜಗಲಿಗಳ ನಡುವೆ ಕಟ್ಟಿದ್ದ ಹಗ್ಗಗಳು ಅಂಗಿ ಪಂಚೆಗಳ ಸಮೇತ ಬಯಲಿನಲ್ಲಿ ಬಿದ್ದಿದ್ದವು. ಬುಡೇನ್ ಸಾಬರು ಹೊಸ ಚೀಟಿಯನ್ನು ಫೋನಿನಲ್ಲಿ ನೋಡಿಕೊಂಡು ಹೊರಟರು. ಕೆರೆಯ ದಡದಲ್ಲಿದೆ ಎಂದ ಮನೆಯ ಜಾಗದಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ಅಂಚೆ ಕಚೇರಿಯ ಹಿಂದೆ ಎಂದ ಕಡೆ ಬರೀ ಎಕ್ಕದ ಗಿಡ. ನಲವತ್ತೆಂಟು ಸಿಲಿಂಡರುಗಳಲ್ಲಿ ನಲವತ್ತನಾಲ್ಕು ಸಾಯಂಕಾಲ ವಾಪಸು ಬಂದವು. ಎಷ್ಟೋ ಮನೆಗಳಲ್ಲಿ ಅವತ್ತು ಅವಲಕ್ಕಿ ಮೊಸರು. ಒಂದು ಕಡೆ ಸೀಮಂತದ ಅಡುಗೆ ಅರ್ಧಕ್ಕೆ ನಿಂತಿತ್ತು.

ಮಾರನೆಯ ದಿನ ಹಳೆಯ ಮೆಷಿನ್ನಿನ ಚೀಟಿಯನ್ನೇ ಕೊಟ್ಟು ಕಳಿಸಿದೆ. ನಲವತ್ತೆಂಟಕ್ಕೆ ನಲವತ್ತೆಂಟೂ ಸರಿ. ನನ್ನ ಎದೆ ಉಬ್ಬಿತು. “ಬೇಕಿತ್ತಾ ಇದೆಲ್ಲ? ಮೇಷ್ಟ್ರ ಮುಂದೆ ಯಾರ ಆಟ ನಡೆಯುತ್ತೆ?” ಎಂದು ಶರ್ವಾಣಿಯ ಎದುರಿಗೇ ಮೆಷಿನ್ನಿನ ತಲೆ ಸವರಿದೆ. ಆಮೇಲೆ ಪಂಕಜಾಕ್ಷಮ್ಮನ ಕಡೆ ತಿರುಗಿ, “ನೀವು ಇನ್ನು ಸ್ವಲ್ಪ ದಿನ ತಡೀರಿ. ನೋಡೋಣ” ಎಂದೆ.

“ಆಗ್ಲಿ ಯಜಮಾನ್ರೇ” ಎಂದು ಅವರು ಪರದೆಯ ಕಡೆಗೆ ತಿರುಗಿ ಕೂತರು. ಹಸಿರು ಬೆಳಕು ಅವರ ಕನ್ನಡಕದಲ್ಲಿ ನಡುಗುತ್ತಿತ್ತು.

ಶರ್ವಾಣಿ ಹೊರಡಲಿಲ್ಲ. ಮೂರು ವಾರ ಏನೇನೋ ಹೋಲಿಸಿ ನೋಡುತ್ತಾ ಕೂತಳು. ಒಂದು ಮಧ್ಯಾಹ್ನ ಪಂಕಜಾಕ್ಷಮ್ಮ ಊಟಕ್ಕೆಂದು ಹೊರಗೆ ಹೋದಾಗ ನನ್ನನ್ನು ಮೆಷಿನ್ನಿನ ಹತ್ತಿರ ಕರೆದಳು.

“ನೀವೇ ಒತ್ತಿ ಸಾರ್. ಲೆಕ್ಕ ಹಾಕು ಅನ್ನೋ ಬಟನ್ ಇದು.”

ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ಒತ್ತಿದ್ದು ಅದೇ ಮೊದಲು. ಪ್ರಿಂಟರು ಕಿರ್ರೆಂದು ಹಿಂದೆ ಮುಂದೆ ಓಡಾಡಿ ಚೀಟಿ ಕೊಟ್ಟಿತು. ಓದಿದೆ. ಹೊಸ ಮದುವೆಯ ಚಂದ್ರಹಾಸ, ಕೆರೆಯ ದಡ. ಚಂದ್ರಹಾಸನ ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಮಾತು ಬಿಟ್ಟ ಬೋರಣ್ಣ, ಭೈರಣ್ಣ, ಊರಿನ ಎರಡು ತುದಿ. ಅವರು ರಾಜಿಯಾಗಿ ಒಂದೇ ಪಂಕ್ತಿಯಲ್ಲಿ ಉಣ್ಣಲು ಶುರು ಮಾಡಿ ಎಷ್ಟೋ ವರ್ಷವಾಯಿತು. ಕಾಗದ ಕಾಯುವ ಗುಂಡಮ್ಮ, ಅಂಚೆ ಕಚೇರಿಯ ಹಿಂದೆ. ಗುಂಡಮ್ಮ ಕಾಯುವುದನ್ನು ಬಿಟ್ಟು, ಆಮೇಲೆ ಊರನ್ನೂ ಬಿಟ್ಟರು, ಆ ಮನೆಯಲ್ಲಿ ಈಗ ಅವರ ತಮ್ಮನ ಸಂಸಾರವಿದೆ. ಮೇಷ್ಟ್ರು ತುಂಬಿದ್ದು ಆ ಕಾಲದ ಜನರ ಮನಸ್ಸನ್ನು. ಮನಸ್ಸುಗಳು ಮುಂದೆ ಹೋಗಿದ್ದವು, ಮೆಷಿನ್ನು ಅಲ್ಲೇ ಕೂತಿತ್ತು.

“ಹೊಸದರಲ್ಲಿ ಬಂದ ತಪ್ಪು ಚೀಟಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಸಾರ್” ಎಂದಳು ಶರ್ವಾಣಿ.

“ಮತ್ತೆ ದಿನಾ ಬರೋ ಸರಿ ಚೀಟಿ?”

“ಅದು ಲೆಕ್ಕ ಹಾಕಿ ಬಂದಿದ್ದಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಯಾರೋ ಕೂತು ಒಂದೊಂದೇ ಮನೆ ಟೈಪ್ ಮಾಡಿದ್ದಾರೆ. ಹನ್ನೊಂದು ವರ್ಷದಿಂದ, ಒಂದು ದಿನಾನೂ ಬಿಡದೆ. ನಿಮ್ಮ ಮೆಷಿನ್ನು ನಿಂತು ಹನ್ನೊಂದು ವರ್ಷ ಆಯ್ತು ಸಾರ್.”

ಪಂಕಜಾಕ್ಷಮ್ಮ ಕೈ ಒರೆಸಿಕೊಳ್ಳುತ್ತಾ ಬಂದವರು ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿ ಬಾಗಿಲಲ್ಲೇ ನಿಂತರು. ನನಗೆ ಮೊದಲು ಬಂದದ್ದು ಸಿಟ್ಟು. “ಯಾಕಮ್ಮ? ಒಂದು ಮಾತು ಹೇಳ್ಬಾರ್ದಿತ್ತಾ?” ಎಂದು ಕೂಗಿದೆ.

“ಮೊದಲ್ನೇ ಸಲ ಒಂದೇ ಮನೆ ತಪ್ಪಿತ್ತು ಯಜಮಾನ್ರೇ. ಮೇಷ್ಟ್ರಿಗೆ ಆಗ ಹುಷಾರಿರ್ಲಿಲ್ಲ. ದಿನಾ ಬಂದು ಇಲ್ಲಿ ಕೂತು, ಚೀಟಿ ಕೈಯಲ್ಲಿ ಹಿಡ್ಕೊಂಡು ಓದೋರು. ತಪ್ಪಿದೆ ಅಂತ ಅವ್ರಿಗೆ ಹೆಂಗೆ ಹೇಳ್ಲಿ? ನಾನೇ ಬೆಳಿಗ್ಗೆ ಬೇಗ ಎದ್ದು ಆ ಮನೆ ನೋಡ್ಕೊಂಡು ಬಂದು ತಿದ್ದಿದೆ. ಆಮೇಲೆ ಎರಡಾಯ್ತು, ಹತ್ತಾಯ್ತು. ಕೊನೆಗೆ ಎಲ್ಲಾನೂ.”

“ಮೇಷ್ಟ್ರು ಹೋಗಿ ಒಂಬತ್ತು ವರ್ಷ ಆಯ್ತಲ್ಲ!”

“ಆಮೇಲೆ ನೀವಿದ್ರಲ್ಲ” ಎಂದರು ಪಂಕಜಾಕ್ಷಮ್ಮ. “ಬಂದವ್ರಿಗೆಲ್ಲ ಮೆಷಿನ್ನು ತೋರಿಸಿ ಅಷ್ಟು ಸಂತೋಷ ಪಡ್ತಿದ್ರಿ.”

ಸಿಟ್ಟು ಎಲ್ಲಿ ಹೋಯಿತೋ. ನನ್ನ ಒಂದು ಸಂತೋಷಕ್ಕಾಗಿ ಈ ಹೆಂಗಸು ಹನ್ನೊಂದು ವರ್ಷ ಮಂಜಿನಲ್ಲಿ ನಡೆದು, ಮಗಳ ಬಾಣಂತನ ಬಿಟ್ಟು, ಮೊಮ್ಮಗನಿಗೆ ಫೋನಜ್ಜಿಯಾಗಿದ್ದರು. ನಾನು ಅವರ ಎದುರಿಗೇ ಮೆಷಿನ್ನಿಗೆ ಹೂವಿಟ್ಟಿದ್ದೆ, ಅವರ ಒದ್ದೆ ಸೀರೆಯನ್ನು ಗೇಲಿ ಮಾಡಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಕೇಳಿದೆ.

“ಮಂಜರಿಗೆ ಯಾವಾಗ?”

“ಒಂಬತ್ತು ತುಂಬಿತು. ಇವತ್ತೋ ನಾಳೆಯೋ.”

“ಬಸ್ಸು?”

“ಬೆಳಿಗ್ಗೆ ಆರಕ್ಕಿದೆ. ಆದ್ರೆ ಯಜಮಾನ್ರೇ, ಇಲ್ಲಿ…”

“ನಾಳೆ ಬೆಳಿಗ್ಗೆ ಆರಕ್ಕೆ ನೀವು ಆ ಬಸ್ಸಲ್ಲಿರ್ತೀರಿ. ನಾವು ನಾಳೆಯಿಂದಲೇ ಹೊಸದಕ್ಕೆ ಹೋಗ್ತೀವಿ” ಎಂದೆ.

ಶರ್ವಾಣಿ ಗಾಬರಿಯಾದಳು. “ಸಾರ್, ಲೆಕ್ಕಾನೇ ತಪ್ಪಿದೆ. ಹೊಸದಾಗಿ ಬರೀಬೇಕು ಅಂದ್ರೂ ಆರು ತಿಂಗಳು ಬೇಕು. ಇಂಥ ಹೊತ್ತಲ್ಲಿ ಯಾರೂ ಹೋಗಲ್ಲ.”

“ಹೋಗೋಕೆ ಒಳ್ಳೆ ದಿನ ಹುಡುಕಿ ಹುಡುಕೀನೇ ನಾನು ಹಾಳಾಗಿದ್ದು ಕಣಮ್ಮ. ನಾಳೆ.”

ಅವಳು ಮಕ್ಕಳು ಕೇಳುವ ಹಾಗೆ ಕೇಳಿದಳು, “ಅಲ್ಲ ಸಾರ್, ಲೆಕ್ಕ ಯಾಕೆ ಬೇಕು? ಮನೆ ಎಲ್ಲಿದೆ ಅಂತ ಮನೆಯವರನ್ನೇ ಕೇಳಿದ್ರೆ ಆಗಲ್ವಾ? ಎದ್ದ ತಕ್ಷಣ ಫೋನಲ್ಲಿ ಒಂದು ಬಟನ್ ಒತ್ತಿದ್ರೆ ಸಾಕು, ಜಾಗ ತಾನಾಗೇ ಬರುತ್ತೆ.”

ನಾನೂ ಪಂಕಜಾಕ್ಷಮ್ಮನೂ ಒಟ್ಟಿಗೇ ಕಿವಿ ಮುಚ್ಚಿಕೊಂಡ ಹಾಗೆ ಹಿಂದೆ ಸರಿದೆವು. ಮನೆ ಎಲ್ಲಿ ಎಂದು ಕೇಳುವುದೇ! ಅದೂ ದಿನಾ ಬೆಳಿಗ್ಗೆ! ಮಾರನೆಯ ದಿನವೇ ಊರೆಲ್ಲ ಸೌದೆ ಒಲೆಗೆ ತಿರುಗುತ್ತದೆ ಎಂದೆ ನಾನು. ಶರ್ವಾಣಿಗೆ ಅರ್ಥವೇ ಆಗಲಿಲ್ಲ. ಕೊನೆಗೆ ದಾರಿ ತೋರಿಸಿದವರು ಪಂಕಜಾಕ್ಷಮ್ಮ.

“ಮನೆ ಎಲ್ಲಿ ಅಂತ ಕೇಳ್ಬೇಡಮ್ಮ. ‘ಒಲೆ ಹಚ್ಚಿದ್ರಾ?’ ಅಂತ ಕೇಳು. ಹೌದು ಅಂತ ಒತ್ತಲಿ. ಅದಕ್ಕೆ ಯಾರೂ ಬೇಜಾರು ಮಾಡ್ಕೊಳಲ್ಲ.”

ಅವತ್ತು ಸಂಜೆಯ ಒಳಗೆ ಶರ್ವಾಣಿ ಅದನ್ನು ಮಾಡಿದಳು. ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಪಂಕಜಾಕ್ಷಮ್ಮ ಕಿಟಕಿಯ ಪಕ್ಕ, ಮಡಿಲಲ್ಲಿ ಹಳೆಯ ಸೀರೆಗಳ ಗಂಟು ಇಟ್ಟುಕೊಂಡು ಕೂತಿದ್ದರು. ಅವರ ಸೀರೆಯ ಅಂಚು ಒಣಗಿತ್ತು. ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು ಹೊರಟಿತು.

ಆ ಬೆಳಿಗ್ಗೆ ಚೀಟಿಯಲ್ಲಿದ್ದ ಐವತ್ತು ಮನೆಗಳಲ್ಲಿ ‘ಒಲೆ ಹಚ್ಚಿದ್ರಾ?’ ಎಂದದ್ದಕ್ಕೆ ಉತ್ತರ ಕೊಟ್ಟವು ಹನ್ನೊಂದು. ಉಳಿದ ಮೂವತ್ತೊಂಬತ್ತನ್ನು ಹುಡುಕಲು ನಾನೇ ಹೊರಟೆ. ಮಂಜು ಮೊಣಕಾಲ ಮಟ್ಟಕ್ಕೆ ಹರಡಿತ್ತು. ಮನೆಗಳು ಅದರ ಮೇಲೆ ತೇಲುತ್ತಿರುವ ಹಾಗೆ, ಇದೀಗ ಬಂದು ನಿಂತು ಇನ್ನೂ ಉಸಿರು ತಿರುಗಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಿದ್ದವು. ಒಂದು ಮನೆಯ ಹಿತ್ತಲಿನಿಂದ ಸೀಗೆಪುಡಿಯ ವಾಸನೆ, ಇನ್ನೊಂದರಲ್ಲಿ ಯಾರೋ ಮಗ್ಗಿ ಹೇಳಿಕೊಡುವ ದನಿ. ಐವತ್ತೆಂಟು ವರ್ಷ ಈ ಊರಿನಲ್ಲಿದ್ದೂ ನಾನು ಇದನ್ನು ಕಂಡಿರಲಿಲ್ಲ. ಅರ್ಧ ಗಂಟೆಯಲ್ಲಿ ನನ್ನ ಪಂಚೆಯ ಅಂಚು ಮೊಳದುದ್ದ ಒದ್ದೆಯಾಯಿತು.

ಮೊದಲ ಬಾಗಿಲಲ್ಲಿ ನಿಂತಿದ್ದ ಅಜ್ಜಿ ನನ್ನನ್ನು ನೋಡಿ, “ಪಂಕಜಾಕ್ಷಮ್ಮ ಬರ್ಲಿಲ್ವಾ ಇವತ್ತು?” ಎಂದಳು. ಎರಡನೆಯ ಮನೆಯಲ್ಲೂ ಅದೇ ಪ್ರಶ್ನೆ. ಮೂರನೆಯ ಮನೆಯಲ್ಲಿ ಬೋರಣ್ಣನ ಸೊಸೆ ಕಾಫಿ ಲೋಟ ಹಿಡಿದುಕೊಂಡು ಬಂದವಳು ನನ್ನನ್ನು ನೋಡಿ ತಬ್ಬಿಬ್ಬಾದಳು. “ಅವ್ರಿಗೆ ಇಟ್ಟಿದ್ದೆ. ದಿನಾ ಈ ಕಡೆ ಬಂದ್ರೆ ಜಗಲಿ ಮೇಲೆ ಎರಡು ನಿಮಿಷ ಕೂತು ಹೋಗೋರು. ಕಾಲು ನೋವು ಅವ್ರಿಗೆ. ನೀವೇ ಕಳಿಸ್ತಿದ್ರಿ ಅಂದ್ಕೊಂಡಿದ್ವಿ ಏಕಾಂತಯ್ಯನೋರೇ. ಇಷ್ಟು ವಯಸ್ಸಾದ್ಮೇಲೂ ನಡೆಸ್ತಾರಲ್ಲ ಅಂತ ಬೈಕೋತಿದ್ವಿ ಕೂಡ.”

ಎಲ್ಲರಿಗೂ ಗೊತ್ತಿತ್ತು. ಮೆಷಿನ್ನಿನ ಬಗ್ಗೆ ಕೊಚ್ಚಿಕೊಂಡಾಗ ನಕ್ಕವರಿಗೆಲ್ಲ ಗೊತ್ತಿತ್ತು. ಬುಡೇನ್ ಸಾಬರನ್ನು ಕೇಳಿದರೆ ಅವರು ಟೆಂಪೋದ ಚಕ್ರ ನೋಡುತ್ತಾ, “ಹೇಳ್ಬೇಡಿ ಅಂದಿದ್ರು ಅಕ್ಕ” ಎಂದರು. ಗೊತ್ತಿಲ್ಲದವನು ಊರಿಗೆ ನಾನೊಬ್ಬನೇ.

ಆ ಕಾಫಿಯನ್ನು ನಾನೇ ಕುಡಿದೆ. ಜಗಲಿಯ ಮೇಲೆ ಕೂತು, ಬೋರಣ್ಣನ ಸೊಸೆಗೆ ಫೋನಿನಲ್ಲಿ ಬಟನ್ ತೋರಿಸಿದೆ. “ಇದನ್ನ ಒತ್ತಿದ್ರೆ ಪಂಕಜಾಕ್ಷಮ್ಮ ನಡೆಯೋ ಹಾಗಿರಲ್ಲ” ಎಂದೆ. ಅವಳು ತಕ್ಷಣ ಒತ್ತಿದಳು. ಆಮೇಲೆ ಎಲ್ಲ ಮನೆಯಲ್ಲೂ ನಾನು ಹೇಳಿದ್ದು ಅದೊಂದೇ ಮಾತು. ಮಾರನೆಯ ದಿನ ಹದಿನೆಂಟು ಮನೆಗಳು ಉತ್ತರ ಕೊಟ್ಟವು, ವಾರದ ಕೊನೆಗೆ ಮೂವತ್ತು. ಉಳಿದವರ ಮನೆಗೆ ನಡೆದೆ. ಮಂಡಿ ನೋಯುತ್ತಿತ್ತು. ನೋಯಲಿ ಎಂದುಕೊಂಡು ನಡೆದೆ.

ಹದಿಮೂರನೆಯ ಬೆಳಿಗ್ಗೆ ಕೆರೆಯ ಏರಿಯ ಮೇಲಿದ್ದಾಗ ಫೋನ್ ಬಂತು.

“ಹೆಣ್ಣು ಮಗು ಯಜಮಾನ್ರೇ. ನಾನು ಬಂದು ಎರಡ್ನೇ ದಿನಕ್ಕೇ ಆಯ್ತು. ಫೋನ್ ಮಾಡಕ್ಕೇ ಪುರುಸೊತ್ತಿಲ್ಲ ನೋಡಿ. ಇವಳಣ್ಣ ನನ್ನ ಸೆರಗು ಬಿಡಲ್ಲ, ನೀನು ಫೋನಿಂದ ಹೆಂಗೆ ಹೊರಗೆ ಬಂದೆ ಅಂತ ಕೇಳ್ತಾನೆ.”

ಅವರ ದನಿ ಎಷ್ಟು ಹಗುರಾಗಿತ್ತೆಂದರೆ, ಬೇರೆ ಯಾರೋ ಮಾತಾಡುತ್ತಿದ್ದಾರೆ ಎನ್ನಿಸಿತು. ನಾನು ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಶುರು ಮಾಡಿದೆ. ಇವತ್ತು ನಲವತ್ತೊಂದು ಮನೆಯವರು ತಾವಾಗಿ ಒತ್ತಿದರು ಎಂದೆ. ನೀವು ಐದು ತಿಂಗಳೂ ಮುಗಿಸಿಯೇ ಬನ್ನಿ ಎಂದೆ. “ಪಂಕಜಾಕ್ಷಮ್ಮ, ನನ್ನದು ತಪ್ಪಾಯ್ತು. ಇಷ್ಟು ವರ್ಷ ನಾನು…” ಎನ್ನುವಷ್ಟರಲ್ಲಿ ಆ ಕಡೆ ಮಗು ಅಳತೊಡಗಿತು.

“ಅಯ್ಯೋ, ಎದ್ಲು. ನೀರು ಕಾದಿದೆ, ಎಣ್ಣೆ ಹಚ್ಚಬೇಕು. ಇಡ್ತೀನಿ ಯಜಮಾನ್ರೇ” ಎಂದು ಅವರು ಫೋನ್ ಇಟ್ಟುಬಿಟ್ಟರು.

ಇಪ್ಪತ್ತೆರಡು ವರ್ಷದಲ್ಲಿ ಪಂಕಜಾಕ್ಷಮ್ಮ ನನ್ನ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದದ್ದು ಅದೇ ಮೊದಲು. ನಾನು ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಯಲ್ಲೇ ಹಿಡಿದುಕೊಂಡು ನಿಂತಿದ್ದೆ. ಇಂಥ ಸಂತೋಷ ನನಗೆ ಆ ಮೆಷಿನ್ನು ಯಾವತ್ತೂ ಕೊಟ್ಟಿರಲಿಲ್ಲ.